ಮೋಡದಲ್ಲಿಟ್ಟ ಲೆಕ್ಕದ ಪುಸ್ತಕ



ನಮ್ಮ ಮನೆಗಳಲ್ಲಿ ಬೇಸಾಯದ ಲೆಕ್ಕ ಎಲ್ಲಿರುತ್ತೆ, ಹೇಳಿ ನೋಡೋಣ. ಅರ್ಧ ಯಜಮಾನರ ತಲೆಯಲ್ಲಿ. ಕಾಲು ಭಾಗ ಗೋಡೆಯ ಕ್ಯಾಲೆಂಡರಿನಲ್ಲಿ. ಉಳಿದ ಕಾಲು ಭಾಗ ಅಂಗಿ ಜೇಬಿನ ಚೀಟಿಯಲ್ಲಿ. ಅಂಗಿ ಒಗೆಯೋದಕ್ಕೆ ಹೋಯಿತು ಅಂದರೆ ಆ ಕಾಲು ಭಾಗ ನೀರುಪಾಲು. ಆಮೇಲೆ ವ್ಯಾಪಾರಿ, "ನಿಮಗೆ ಬರಬೇಕಾದ್ದು ಇಷ್ಟೇ ಗೌಡರೇ" ಎಂದರೆ, "ಇಲ್ಲ ಸ್ವಾಮಿ, ಇನ್ನೂ ಇದೆ" ಎಂದು ಹೇಳೋದಕ್ಕೆ ಬಾಯಿ ಇರುತ್ತೆ, ಕೈಯಲ್ಲಿ ಆಧಾರ ಇರೋದಿಲ್ಲ. ಬೆವರು ಸುರಿಸಿ ಬೆಳೆದದ್ದು ಹೀಗೆ ನೆನಪಿನ ಸಂದಿಯಲ್ಲಿ ಸೋರಿಹೋಗುತ್ತದೆ.

ಈ ಸೋರಿಕೆ ತಡೆಯಲು ಒಂದು ಸಾಧನ ಈಗ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇದೆ. ಅದೇ ಕೈಯಲ್ಲಿರುವ ಮೊಬೈಲು. ಅದರಲ್ಲಿ ಟಿಪ್ಪಣಿ ಬರೆದಿಡುವ ಆ್ಯಪುಗಳಿವೆ. ಅಲ್ಲಿ ಒಮ್ಮೆ ಬರೆದದ್ದು ಮನೆಯವರ ಮೊಬೈಲು, ಮಕ್ಕಳ ಟ್ಯಾಬ್ಲೆಟ್ಟು, ಕಚೇರಿಯ ಕಂಪ್ಯೂಟರು, ಎಲ್ಲದರಲ್ಲೂ ಕಾಣುತ್ತದೆ. ಇದಕ್ಕೆ ಕ್ಲೌಡ್ ಎನ್ನುತ್ತಾರೆ, ಅಂದರೆ ಮೋಡ. ಈ ಮೋಡವನ್ನು ಎಷ್ಟರ ಮಟ್ಟಿಗೆ ನಂಬಬೇಕು, ಎಲ್ಲಿ ನಂಬಬಾರದು ಎಂಬುದೇ ಈ ದಿನದ ಮಾತು.

ಬೆಂಗಳೂರಿನ ಪೂರ್ವದ ಕಡೆಯನ್ನೇ ತೆಗೆದುಕೊಳ್ಳೋಣ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬಂದು ನೆಲೆಯಾಯಿತು. ಆ ದಂಡು ಪ್ರದೇಶದ ಹೊಟ್ಟೆ ತುಂಬಿಸಿದ್ದು ಸುತ್ತಣ ಹಳ್ಳಿಗಳ ಸೊಪ್ಪು, ತರಕಾರಿ, ಹಣ್ಣು. ಶಿವಾಜಿನಗರದಲ್ಲಿ 1927ರಲ್ಲಿ ಎದ್ದ ರಸೆಲ್ ಮಾರುಕಟ್ಟೆಯನ್ನು ತಾವು ನೋಡಿರಬಹುದು. ಇವತ್ತು ಹಳ್ಳಿಯ ಮಾಲು ಪೇಟೆಗೆ ಹೋಗುವುದಲ್ಲದೆ ಹಳ್ಳಿಯ ಮಕ್ಕಳೂ ಕೆಲಸಕ್ಕೆ, ಓದಿಗೆ ಅಲ್ಲೇ ಇದ್ದಾರೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ಹಾದು ಮೆಟ್ರೋ ರೈಲು ಓಡಿತು. 2023ರಲ್ಲಿ ಆ ದಾರಿ ಕೆ.ಆರ್. ಪುರವನ್ನೂ ಮುಟ್ಟಿತು. ಒಂದೇ ಮನೆಯವರು ಬೆಳಗಾದರೆ ನಾಲ್ಕು ಕಡೆ ಚದುರುತ್ತಾರೆ. ಮನೆಯ ಲೆಕ್ಕದ ಪುಸ್ತಕ ಮಾತ್ರ ಒಂದೇ ಕಡೆ ಕೂತಿರುತ್ತದೆ.

ಹೊಸಕೋಟೆ ಕಡೆಯ ಒಂದು ಮನೆ ಎಂದು ಇಟ್ಟುಕೊಳ್ಳಿ. ಯಜಮಾನರು ನಸುಕಿನಲ್ಲೇ 8 ಮೂಟೆ ಹುರುಳಿಕಾಯಿ ಹೇರಿಕೊಂಡು ಶಿವಾಜಿನಗರಕ್ಕೆ ಹೋದರು. ಮೂಟೆಗೆ 40 ಕಿಲೋ, ಒಟ್ಟು 320 ಕಿಲೋ. ಕಿಲೋಗೆ 35 ರೂಪಾಯಿಯಂತೆ 11,200 ರೂಪಾಯಿ ಆಯಿತು. ಕೈಗೆ ಬಂದದ್ದು 7,000, ಬಾಕಿ 4,200. ಅವರು ಅಲ್ಲೇ ನಿಂತು ಇಷ್ಟನ್ನೂ ಮೊಬೈಲಿನಲ್ಲಿ ಬರೆದರು. ತೂಕದ ಚೀಟಿಯ ಫೋಟೋ ತೆಗೆದು ಅದರ ಕೆಳಗೇ ಸೇರಿಸಿದರು. ಹಲಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇಂದಿರಾನಗರದಲ್ಲಿ ಕೆಲಸಕ್ಕಿರುವ ಮಗ ಅದನ್ನು ಕಂಪ್ಯೂಟರಿನಲ್ಲಿ ನೋಡಿದ. ಕೆ.ಆರ್. ಪುರದಲ್ಲಿ ಓದುವ ಮಗಳು ಟ್ಯಾಬ್ಲೆಟ್ಟಿನಲ್ಲಿ ನೋಡಿದಳು. ಹಳ್ಳಿಯಲ್ಲಿ ಹಸು ಕರೆಯುತ್ತಿದ್ದ ತಾಯಿ ತಮ್ಮ ಮೊಬೈಲಿನಲ್ಲಿ ಅದನ್ನೇ ಕಂಡರು. ಮೂರು ವಾರ ಬಿಟ್ಟು ಬಾಕಿ ಎಷ್ಟು ಎಂಬ ಪ್ರಶ್ನೆ ಎದ್ದಾಗ ಕೂಗಾಟವಿಲ್ಲ, ಆಣೆ ಪ್ರಮಾಣವಿಲ್ಲ. ದಿನಾಂಕ, ತೂಕ, ದರ, ಚೀಟಿ ಕಣ್ಣ ಮುಂದೆ.

ಒಂದು ಮಾತು ನೆನಪಿಡಿ. ನಾವೇ ಬರೆದುಕೊಂಡ ಸಾಲಿಗಿಂತ ಅಂಗಡಿಯವರ ಕೈಬರಹದ ಚೀಟಿಗೆ ತೂಕ ಹೆಚ್ಚು. ಆದ್ದರಿಂದ ಬರೆದರೆ ಸಾಲದು, ಚೀಟಿಯ ಚಿತ್ರವೂ ಇರಲಿ. ಮೂಲ ಚೀಟಿಯನ್ನೂ ಬಿಸಾಡಬೇಡಿ.

ಹಾಗಾದರೆ ಈ ಮೋಡ ಎಂದರೇನು? ಆಕಾಶದಲ್ಲಿ ಏನೂ ಇಲ್ಲ. ದೂರದ ಊರಿನಲ್ಲಿ, ದೊಡ್ಡ ದೊಡ್ಡ ಕಟ್ಟಡಗಳಲ್ಲಿ, ಹಗಲು ರಾತ್ರಿ ಓಡುತ್ತಿರುವ ಕಂಪ್ಯೂಟರುಗಳು, ಅಷ್ಟೇ. ಅವು ನಮ್ಮವಲ್ಲ, ಕಂಪನಿಯವು. ನಾವು ಮೊಬೈಲಿನಲ್ಲಿ ಬರೆದದ್ದು ಇಂಟರ್ನೆಟ್ಟಿನ ಮೂಲಕ ಅಲ್ಲಿಗೆ ಹೋಗಿ ಸೇರುತ್ತದೆ. ಅಲ್ಲಿಂದ ನಮ್ಮದೇ ಖಾತೆ ಇರುವ ಬೇರೆ ಸಾಧನಗಳಿಗೆ ಹರಿದು ಬರುತ್ತದೆ. ತೋಟದಲ್ಲಿ ಸಿಗ್ನಲ್ಲು ಇಲ್ಲದಿದ್ದರೂ ಚಿಂತೆಯಿಲ್ಲ. ಮೊಬೈಲಿನ ಆ್ಯಪು ಬರೆದದ್ದನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ಲು ಸಿಕ್ಕಾಗ ಕಳಿಸುತ್ತದೆ. ಮೊಬೈಲು ಬಾವಿಗೆ ಬಿದ್ದರೂ, ಬಸ್ಸಿನಲ್ಲಿ ಕಳೆದರೂ, ಅಷ್ಟರಲ್ಲಿ ಅಲ್ಲಿಗೆ ಮುಟ್ಟಿದ ಬರವಣಿಗೆ ಉಳಿಯುತ್ತದೆ. ಹೊಸ ಮೊಬೈಲಿನಲ್ಲಿ ಅದೇ ಖಾತೆ ತೆರೆದರೆ ಮತ್ತೆ ಸಿಗುತ್ತದೆ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ಬಹಳ ಅಂಗಡಿಗಳು ಸುಟ್ಟುಹೋದವು. ಬೆಂಕಿಗೆ ಸಿಕ್ಕ ಕಾಗದ ಮರಳಿ ಬರೋದಿಲ್ಲ. ಇನ್ನೊಂದು ಕಡೆ ಪ್ರತಿ ಇದ್ದರೆ ಲೆಕ್ಕವಾದರೂ ಉಳಿಯುತ್ತದೆ.

ಯಾವ ಆ್ಯಪು ಬಳಸಬೇಕು ಎಂದು ಕೇಳುತ್ತೀರಿ. ಗೂಗಲ್ ಕೀಪ್ ಎಂಬುದು 2013ರಲ್ಲಿ ಬಂತು. ಆಂಡ್ರಾಯ್ಡ್ ಮೊಬೈಲಿರುವವರಿಗೆ ಇದು ಸುಲಭ, ಪುಕ್ಕಟೆಯಾಗಿ ಸಿಗುತ್ತದೆ. ಮೈಕ್ರೋಸಾಫ್ಟಿನ ಒನ್‌ನೋಟ್ ಇದೆ, ಐಫೋನಿನಲ್ಲಿ ಅದರದೇ ನೋಟ್ಸ್ ಇದೆ. ಒಂದನ್ನು ಹಿಡಿಯಿರಿ, ಮನೆಯವರೆಲ್ಲ ಅದನ್ನೇ ಹಿಡಿಯಿರಿ. ಒಬ್ಬೊಬ್ಬರು ಒಂದೊಂದರಲ್ಲಿ ಬರೆದರೆ ಮತ್ತೆ ಹಳೆಯ ಚೀಟಿಗಳ ಪಾಡೇ ಆದೀತು.

ಬರೆಯೋದಕ್ಕೆ ಕೈ ತಿರುಗದವರು ಮಾತಾಡಿದರೂ ಆಗುತ್ತದೆ. ಗೂಗಲ್ಲಿನ ಧ್ವನಿ ಬರವಣಿಗೆ 2017ರಲ್ಲಿ ಕನ್ನಡಕ್ಕೂ ಬಂತು. ನಾವು ಹೇಳಿದ್ದನ್ನು ಅದು ಅಕ್ಷರ ಮಾಡುತ್ತದೆ. ಆದರೆ ಅಂಕಿಗಳನ್ನು ಕಣ್ಣಾರೆ ನೋಡಿ ತಿದ್ದಬೇಕು. ಹದಿನೈದು ಎಂದದ್ದು ಬೇರೇನೋ ಆಗಿ ಕೂತರೆ ಲೆಕ್ಕವೇ ಕೆಟ್ಟಿತು. ಕಂಪ್ಯೂಟರಿನಲ್ಲಿ ಬರೆಯುವ ಮಕ್ಕಳು ಯೂನಿಕೋಡ್ ಕನ್ನಡದಲ್ಲೇ ಬರೆಯಲಿ. ಹಳೆಯ ಅಕ್ಷರಶೈಲಿಗಳಲ್ಲಿ ಬರೆದರೆ ಹಳ್ಳಿಯ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಚು ಕಾಣುತ್ತದೆ.

ಇನ್ನು ಏನೇನು ಬರೆಯಬೇಕು? ಎಲ್ಲವನ್ನೂ ಅಲ್ಲ. ಬೆಳೆಗೆ ಒಂದು ಟಿಪ್ಪಣಿ ಇಡಿ. ಅದರಲ್ಲಿ ಬಿತ್ತನೆಯ ದಿನ, ಹಾಕಿದ ಗೊಬ್ಬರ, ಹೊಡೆದ ಔಷಧಿಯ ಹೆಸರು ಮತ್ತು ದಿನ, ಕೊಟ್ಟ ಕೂಲಿ, ಮಾರಿದ ತೂಕ, ದರ, ಬಾಕಿ ಬರೆಯಿರಿ. ಔಷಧಿಯ ದಿನ ಬರೆದಿದ್ದರೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದು ತಪ್ಪದು. ಬೀಜದ ಪೊಟ್ಟಣದ ಲಾಟ್ ನಂಬರು ಮತ್ತು ಅಂಗಡಿಯ ರಸೀದಿಯ ಫೋಟೋ ತೆಗೆಯಿರಿ. ಬೀಜ ಮೊಳೆಯದೆ ಹೋದಾಗ ದೂರು ಕೊಡಲು ಬೇಕಾಗುವುದು ಅವೇ.

ಹಸುವಿಗೊಂದು ಟಿಪ್ಪಣಿ ಇರಲಿ. ಕೃತಕ ಗರ್ಭಧಾರಣೆ ಮಾಡಿಸಿದ ದಿನ ಬರೆದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ನೋಡಬಹುದು. ಗಬ್ಬ ನಿಂತರೆ ಸುಮಾರು 280 ದಿನಕ್ಕೆ ಕರು. ಅದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಬೇಕು. ಇವೆಲ್ಲ ದಿನ ಎಣಿಸುವ ಕೆಲಸ, ನೆನಪಿಗೆ ಬಿಡಬಾರದು.

ಆಲಿಕಲ್ಲು ಮಳೆ ಬಿದ್ದರೆ ಅವತ್ತೇ ಹೊಲದ ಫೋಟೋ ತೆಗೆದು ದಿನಾಂಕ ಸಹಿತ ಇಡಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದವರು ಇಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ತಂದೆ ಹೊಲದಲ್ಲಿ ತೆಗೆದ ಚಿತ್ರ ಇಂದಿರಾನಗರದ ಮಗನಿಗೆ ಕೂಡಲೇ ಕಂಡರೆ ಅವನು ಅಲ್ಲಿಂದಲೇ ತಿಳಿಸುವ ಏರ್ಪಾಟು ಮಾಡಬಲ್ಲ. ಅಂಥ ಹೊತ್ತಿನಲ್ಲಿ ಒಂದು ದಿನದ ಉಳಿತಾಯವೂ ದೊಡ್ಡದು.

ಇಷ್ಟು ಅನುಕೂಲದ ಮಾತಾಯಿತು. ಈಗ ಎಚ್ಚರಿಕೆಯ ಮಾತು, ಸ್ವಲ್ಪ ನಿಧಾನವಾಗಿ ಕೇಳಿ.

ಮೊದಲನೆಯದು, ಬಲು ಮುಖ್ಯವಾದದ್ದು. ನೀರು ಬರುವ ಕಾಲುವೆಯಲ್ಲೇ ಕಳೆಯ ಬೀಜವೂ ಬರುತ್ತದಲ್ಲವೇ? ಹಾಗೆಯೇ, ಬರೆದದ್ದು ಹರಿಯುವ ದಾರಿಯಲ್ಲೇ ಅಳಿಸಿದ್ದೂ ಹರಿಯುತ್ತದೆ. ಹಳ್ಳಿಯಲ್ಲಿ ಮಗು ಮೊಬೈಲು ಹಿಡಿದು ಆಡುತ್ತಾ ಟಿಪ್ಪಣಿ ಅಳಿಸಿತು ಎನ್ನಿ. ಅದು ಮಗನ ಕಂಪ್ಯೂಟರಿನಿಂದಲೂ, ಮಗಳ ಟ್ಯಾಬ್ಲೆಟ್ಟಿನಿಂದಲೂ ಮಾಯವಾದೀತು. ನಾಲ್ಕು ಕಡೆ ಕಾಣುತ್ತದೆ, ಆದ್ದರಿಂದ ನಾಲ್ಕು ಪ್ರತಿ ಇದೆ ಎಂದು ತಿಳಿಯಬೇಡಿ. ಇರುವುದು ಒಂದೇ ಪುಸ್ತಕ; ಅದನ್ನು ನಾಲ್ಕು ಕಿಟಕಿಯಿಂದ ನೋಡುತ್ತೇವೆ, ಅಷ್ಟೇ. ಗೂಗಲ್ ಕೀಪಿನಲ್ಲಿ ಅಳಿಸಿದ ಟಿಪ್ಪಣಿ ಕಸದ ಬುಟ್ಟಿಯಲ್ಲಿ 7 ದಿನ ಇರುತ್ತದೆ, ಆಮೇಲೆ ಹೋಗಿಯೇ ಹೋಗುತ್ತದೆ. ಕಳೆದುಹೋಯಿತೆಂದು ಕಂಡ ಕೂಡಲೇ ಆ ಬುಟ್ಟಿ ನೋಡಿ.

ಎರಡನೆಯದು. ಸಿಗ್ನಲ್ಲು ಇಲ್ಲದ ಕಡೆ ತಂದೆ ಒಂದು ಸಾಲು ತಿದ್ದಿದರು, ಅದೇ ಹೊತ್ತಿಗೆ ಪೇಟೆಯಲ್ಲಿ ಮಗ ಅದೇ ಸಾಲು ತಿದ್ದಿದ. ಎರಡೂ ಬಂದು ಸೇರಿದಾಗ ಒಂದರ ಮೇಲೊಂದು ಬಿದ್ದು ಗೊಂದಲವಾಗಬಹುದು. ಅದಕ್ಕೇ ಹಳೆಯ ಸಾಲನ್ನು ತಿದ್ದಬೇಡಿ. ಕೆಳಗೆ ದಿನಾಂಕ ಹಾಕಿ ಹೊಸ ಸಾಲು ಬರೆಯಿರಿ. "ಬಾಕಿ 4,200" ಎಂಬುದನ್ನು ಅಳಿಸಬೇಡಿ. ಹಣ ಬಂದ ದಿನ ಕೆಳಗೆ "ಬಾಕಿ ಬಂತು" ಎಂದು ಬರೆಯಿರಿ.

ಮೂರನೆಯದು, ಬೀಗದ ಕೈ. ಖಾತೆ ನಮ್ಮ ಹೆಸರಿನಲ್ಲಿ, ನಮ್ಮ ಮೊಬೈಲು ನಂಬರಿನಲ್ಲಿ ಇರಬೇಕು. ಅಂಗಡಿಯ ಹುಡುಗ ತನ್ನ ಖಾತೆ ಹಾಕಿಕೊಟ್ಟರೆ ಪುಸ್ತಕ ಅವನದಾಯಿತು. ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿಡಿ. ರೀಚಾರ್ಜು ಮಾಡದೆ ಬಹಳ ಕಾಲ ಬಿಟ್ಟ ನಂಬರು ಬೇರೆಯವರ ಪಾಲಾಗುತ್ತದೆ. ಆಗ ಪಾಸ್‌ವರ್ಡು ಮರೆತರೆ ಬಾಗಿಲು ತೆರೆಯುವ ಸಂದೇಶ ಅವರಿಗೆ ಹೋದೀತು. ನಂಬರು ಬದಲಾದ ದಿನವೇ ಖಾತೆಯಲ್ಲೂ ಬದಲಿಸಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ತೆಗೆದುಹಾಕಬಹುದೆಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ, ಅದೂ ನೆನಪಿರಲಿ. ಮನೆಯವರಿಗೆ ಒಂದೇ ಪಾಸ್‌ವರ್ಡು ಹಂಚುವ ಬದಲು ಅವರವರ ಖಾತೆಗೆ ಟಿಪ್ಪಣಿಯನ್ನು ಹಂಚಿ. ಹಂಚಿಕೊಂಡವರು ತಿದ್ದಲೂ ಬಲ್ಲರು, ಆದ್ದರಿಂದ ನಂಬಿದವರಿಗೆ ಮಾತ್ರ.

ನಾಲ್ಕನೆಯದು, ಬರೆಯಬಾರದ್ದು. ಬ್ಯಾಂಕಿನ ಪಿನ್ನು, ಎ.ಟಿ.ಎಂ. ಗುಟ್ಟು ಇದರಲ್ಲಿ ಸುತರಾಂ ಬೇಡ. ಒ.ಟಿ.ಪಿ. ಕೇಳಿದವರಿಗೆ ಯಾರಿಗೂ ಹೇಳಬೇಡಿ. ಮೊಬೈಲನ್ನು ರಿಪೇರಿಗೆ ಕೊಡುವಾಗ ಖಾತೆಯಿಂದ ಹೊರಬಂದು ಕೊಡಿ. ಮೊದಲು ಎಲ್ಲವೂ ಮೋಡಕ್ಕೆ ಮುಟ್ಟಿದೆಯೇ ಎಂದು ಬೇರೆ ಸಾಧನದಲ್ಲಿ ನೋಡಿಕೊಳ್ಳಿ.

ಐದನೆಯದು. ಇದು ಬಾಡಿಗೆ ಮನೆ, ಸ್ವಂತದ್ದಲ್ಲ. ಎವರ್‌ನೋಟ್ ಎಂಬ ಹೆಸರಾದ ಆ್ಯಪು 2008ರಿಂದ ನಡೆದು ಬಂತು. 2023ರ ಕೊನೆಗೆ ಅದರ ಹೊಸ ಒಡೆಯರು ಪುಕ್ಕಟೆ ಬಳಸುವವರಿಗೆ 50 ಟಿಪ್ಪಣಿ, ಒಂದೇ ಪುಸ್ತಕ ಎಂದು ಮಿತಿ ಹಾಕಿದರು. ತಪ್ಪೆಂದು ಹೇಳುತ್ತಿಲ್ಲ, ಅವರ ಮನೆ, ಅವರ ಕರಾರು. ಆದರೆ ನಮ್ಮ ಬೇಸಾಯದ ಲೆಕ್ಕ ಪರರ ಕರಾರಿಗೆ ಮಾತ್ರ ಕಟ್ಟುಬಿದ್ದಿರಬಾರದು.

ಇದಕ್ಕೆಲ್ಲ ಮದ್ದು ಸರಳವಾದದ್ದು. ಮೋಡ ಕಂಡಿತೆಂದು ಮಡಕೆಯ ನೀರು ಚೆಲ್ಲಬೇಡಿ. ಹಳೆಯ ರಟ್ಟಿನ ಪುಸ್ತಕವೂ ಇರಲಿ. ದಿನದಿನವೂ ಎರಡು ಕಡೆ ಬರೆಯಬೇಕಾಗಿಲ್ಲ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಎಂದು ಇಟ್ಟುಕೊಳ್ಳಿ, ಮನೆಯವರು ಕೂತು ಮೊಬೈಲು ನೋಡಿ ಮುಖ್ಯವಾದ ಅಂಕಿಗಳನ್ನು ಪುಸ್ತಕಕ್ಕೆ ಇಳಿಸಿ: ಬಂದದ್ದು, ಹೋದದ್ದು, ಬರಬೇಕಾದ್ದು. ಕಂಪ್ಯೂಟರು ಬಲ್ಲ ಮಕ್ಕಳಿದ್ದರೆ ವರ್ಷಕ್ಕೆರಡು ಸಲ ಎಲ್ಲ ಟಿಪ್ಪಣಿಗಳನ್ನು ಇಳಿಸಿ ಬೇರೆ ಕಡೆ ಇಡಲಿ. ಗೂಗಲ್ಲಿನಲ್ಲಿ ಟೇಕ್‌ಔಟ್ ಎಂಬ ಸೌಕರ್ಯ ಅದಕ್ಕೆಂದೇ ಇದೆ.

ಆ ತಿಂಗಳ ಸಂಜೆಯಿಂದ ಇನ್ನೊಂದು ಲಾಭ ಉಂಟು. ಇಷ್ಟು ದಿನ ಲೆಕ್ಕ ಯಜಮಾನರೊಬ್ಬರ ತಲೆಯಲ್ಲಿತ್ತು. ಅವರು ಹಾಸಿಗೆ ಹಿಡಿದರೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಎಂದು ಹೆಂಡತಿಗೂ ತಿಳಿಯದು, ಮಕ್ಕಳಿಗೂ ತಿಳಿಯದು. ಈಗ ಹಸುವಿನ ಟಿಪ್ಪಣಿ ಬರೆಯುವ ತಾಯಿಗೆ ಹುರುಳಿಕಾಯಿಯ ಬಾಕಿಯೂ ಗೊತ್ತಿರುತ್ತದೆ. ಪೇಟೆಯ ಮಗನಿಗೆ ಈ ಸಲ ಕೂಲಿ ಎಷ್ಟು ಏರಿತು ಎಂಬುದು ತಿಳಿದು, ಊರಿಗೆ ದುಡ್ಡು ಕಳಿಸುವಾಗ ಕೈ ಸ್ವಲ್ಪ ಸಡಿಲವಾದೀತು. ದೂರ ಇದ್ದವರೂ ಹೊಲದ ಕಷ್ಟಸುಖ ಬಲ್ಲವರಾಗುತ್ತಾರೆ.

ಈವತ್ತು ರಾತ್ರಿ ಊಟವಾದ ಮೇಲೆ ಒಂದೇ ಟಿಪ್ಪಣಿಯಿಂದ ಶುರುಮಾಡಿ. ಯಾರಿಂದ ಎಷ್ಟು ಬರಬೇಕು ಎಂಬುದನ್ನು ಬರೆಯಿರಿ. ಮನೆಯ ಇನ್ನೊಬ್ಬರ ಮೊಬೈಲಿನಲ್ಲಿ ಅದು ಕಾಣುತ್ತದೆಯೇ ನೋಡಿ. ಕಂಡಿತೇ? ಹಾಗಾದರೆ ಪುಸ್ತಕದಲ್ಲೂ ಒಂದು ಸಾಲು ಬರೆದಿಟ್ಟು ನೆಮ್ಮದಿಯಾಗಿ ಮಲಗಿ.