ಕತ್ತಲಲ್ಲೊಂದು ಕಂಬ

ಬೇಲೂರಿನ ಚೆನ್ನಕೇಶವನ ಗುಡಿಯೊಳಕ್ಕೆ ಬಿಸಿಲಿನಿಂದ ಕಾಲಿಟ್ಟವರಿಗೆ ಮೊದಲು ಕಾಣುವುದು ಬರೀ ಕತ್ತಲೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಈ ಗುಡಿ ಕಟ್ಟಿಸಿದಾಗ ಒಳಗಿನ ಕಂಬಗಳ ಮಂಟಪವಾದ ನವರಂಗ ಇಷ್ಟು ಮಬ್ಬಾಗಿರಲಿಲ್ಲ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಹೊರಸಾಲಿನ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳು ಬಂದವು. ಅಂದಿನಿಂದ ಬೆಳಕು ಅಲ್ಲಿಗೆ ಸೋಸಿಕೊಂಡೇ ಬರುತ್ತದೆ.

ಅರಸೀಕೆರೆಯ ನಮ್ಮ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಆ ನವರಂಗವನ್ನು ತೈಲವರ್ಣದಲ್ಲಿ ಬರೆಯುವ ಹಟ ಹಿಡಿದರು. ಅಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಬಂದು, ಮನೆಯಲ್ಲಿ ಕ್ಯಾನ್ವಾಸ್ ಹೂಡಿದರು. ಹೋಗಿ ನೋಡಿದರೆ ಅವರ ಬಣ್ಣದ ಹಲಗೆಯ ಮೇಲೆ ಕಪ್ಪೇ ಇಲ್ಲ!

"ಇದೇನು ಮೇಷ್ಟ್ರೇ, ಕತ್ತಲೆ ಬರೆಯೋಕೆ ಕಪ್ಪು ಬೇಡವೇ?" ಎಂದೆ.

"ಕಪ್ಪು ಹಚ್ಚಿದ್ರೆ ಅಲ್ಲಿ ತೂತು ಬಿದ್ದ ಹಾಗೆ ಕಾಣುತ್ತೆ ಕಣಯ್ಯ. ಕತ್ತಲಲ್ಲಿ ಒಂದು ಕಂಬ ಇದೆಯಲ್ಲ, ಅದೆಲ್ಲಿ ಹೋಗ್ಬೇಕು?"

ಹಲಗೆಯ ಮೇಲಿದ್ದದ್ದು ಬಹುಪಾಲು ಮಣ್ಣು. ಯೆಲ್ಲೋ ಓಕರ್ ಅಂದರೆ ಕಬ್ಬಿಣದಂಶವಿರುವ ಹಳದಿ ಮಣ್ಣು. ಬರ್ಂಟ್ ಅಂಬರ್ ಅಂದರೆ ಬೆಂಕಿಯಲ್ಲಿ ಸುಟ್ಟ ಕಂದು ಮಣ್ಣು. ಆ ಕಂದಿಗೆ ಚೂರು ನೀಲಿ ಬೆರೆಸಿ ಮೇಷ್ಟ್ರು ಕತ್ತಲೆ ಮಾಡಿಕೊಂಡರು. ಗರ್ಭಗುಡಿಯ ದೀಪದ ಕಡೆ ಕಂದು ಹೆಚ್ಚು, ಜಾಲಂಧ್ರದ ಕಡೆ ನೀಲಿ ಹೆಚ್ಚು. ನೆರಳನ್ನು ತೆಳ್ಳಗೆ, ಪದರದ ಮೇಲೆ ಪದರವಾಗಿ ಎಳೆದರು. ಒಂದೊಂದು ಪದರ ಆರಲೂ ದಿನಗಟ್ಟಲೆ ಕಾದರು. ಅಗಸೆ ಎಣ್ಣೆಗೆ ಅವಸರ ಒಗ್ಗುವುದಿಲ್ಲ. ದಪ್ಪ ಬಣ್ಣ ಬಂದದ್ದು ಕಟ್ಟಕಡೆಗೆ, ಅದೂ ಕಂಬದ ಬಳೆಗಳ ಅಂಚಿಗೆ ಬೆಳಕು ತಾಗಿದ ಕಡೆ ಮಾತ್ರ. ತಿರುಗಣಿಯಲ್ಲಿ ಕಡೆದಂತಿರುವ ಬಳಪದ ಕಲ್ಲಿನ ಆ ಕಂಬ, ಕತ್ತಲೊಳಗಿಂದಲೇ ದುಂಡಗೆ ಎದ್ದು ನಿಂತಿತು.

ನಾವು ಮನುಷ್ಯರನ್ನು ನೋಡುವಾಗ ಇಷ್ಟು ಹೊತ್ತು ಕಾಯುತ್ತೇವೆಯೇ? ಯಾರದೋ ಮನೆಯ ಒಂದು ಜಗಳ ಕಿವಿಗೆ ಬಿದ್ದರೆ ಸಾಕು, "ಅವನು ಅಂಥವನೇ ಬಿಡಿ" ಎಂದು ಮುಗಿಸಿಬಿಡುತ್ತೇವೆ. ಇದಕ್ಕೆ ನಮ್ಮ ಹಿರಿಯರು ಮಸಿ ಬಳಿಯುವುದು ಎಂದರು. ಒಂದೇ ಬಣ್ಣ, ಒಂದೇ ಗೀಚು, ಕ್ಷಣದ ಕೆಲಸ. ಬಳಿದ ಮೇಲೆ ಅಲ್ಲಿ ಆ ಮನುಷ್ಯ ಕಾಣುವುದಿಲ್ಲ, ತೂತು ಕಾಣುತ್ತದೆ.

ಇವತ್ತು ಯಾರ ಮೇಲಾದರೂ ಹಾಗೊಂದು ಮಾತು ನಾಲಿಗೆಯ ತುದಿಗೆ ಬಂದಾಗ, ಮೇಷ್ಟ್ರ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳೋಣ: ಕತ್ತಲಲ್ಲಿ ಒಂದು ಕಂಬ ಇತ್ತಲ್ಲ, ಅದೆಲ್ಲಿ ಹೋಯಿತು?