ಪಂಪ್‌ಸೆಟ್ಟಿಗೆ ಹೊದಿಕೆ ಬೇಕೆ, ಬೇಡವೆ?

(ಗುಂಡ್ಲುಪೇಟೆಯಲ್ಲಿ ನಡೆದ ಪಂಪ್‌ಸೆಟ್ ನಿರ್ವಹಣೆಯ ರೈತ ತರಬೇತಿಯಲ್ಲಿ ಮಾಡಿದ ಭಾಷಣ)



ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಮಳೆನೆರಳಿನ ಪ್ರದೇಶದಲ್ಲಿವೆ. ಇಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಮಳೆ ಜೋರಾಗಿ ಬರುತ್ತದೆ. ನಡುವೆ ಜೂನ್, ಜುಲೈನಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳ ಅಚ್ಚುಕಟ್ಟನ್ನು ಬಿಟ್ಟರೆ ನಮ್ಮ ಅರಿಶಿನ, ಬಾಳೆ, ಟೊಮೇಟೊ ಬೆಳೆಗಳು ಹೆಚ್ಚಾಗಿ ಬಾವಿ ಮತ್ತು ಕೊಳವೆ ಬಾವಿಯ ನೀರನ್ನೇ ನಂಬಿವೆ. ಮೋಟಾರು ನಿಂತರೆ ಬೆಳೆಯೂ ನಿಂತಂತೆ.

ಆದ್ದರಿಂದಲೇ ಮೊದಲ ಮಳೆ ಹನಿ ಬೀಳುತ್ತಲೇ ನೀವು ಮೋಟಾರಿನ ಕಡೆಗೆ ಓಡುತ್ತೀರಿ. ಗೊಬ್ಬರದ ಖಾಲಿ ಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಸುತ್ತಿ, ಗಾಳಿಗೆ ಹಾರದಂತೆ ಹಗ್ಗದಿಂದ ಬಿಗಿಯುತ್ತೀರಿ. ಮೋಟಾರನ್ನು ಉಳಿಸಿದೆವೆಂದು ನಿಶ್ಚಿಂತೆಯಿಂದ ಮನೆಗೆ ಬರುತ್ತೀರಿ. ಇದು ಸರಿಯೇ ಎಂಬುದನ್ನು ಈ ದಿನ ವಿಚಾರ ಮಾಡೋಣ.

ಒಂದು ಸಂದರ್ಭವನ್ನು ತೆಗೆದುಕೊಳ್ಳಿ. ತೆರೆದ ಬಾವಿಯ ದಡದಲ್ಲಿ 5 ಅಶ್ವಶಕ್ತಿಯ ಮಾನೋಬ್ಲಾಕ್ ಪಂಪ್‌ಸೆಟ್ ಇದೆ. ಸಂಜೆ ಮೋಡ ಕವಿದಾಗ ರೈತರು ಚೀಲ ಕಟ್ಟಿ ಹೋಗುತ್ತಾರೆ. ಸ್ಟಾರ್ಟರಿಗೆ ಆಟೋ ಜೋಡಿಸಿದೆ. ನಡುರಾತ್ರಿ ಮೂರು ಫೇಸ್ ವಿದ್ಯುತ್ ಬರುತ್ತದೆ. ಚೀಲ ಹೊದ್ದುಕೊಂಡೇ ಮೋಟಾರು ತಾನಾಗಿ ಓಡತೊಡಗುತ್ತದೆ. ಬೆಳಗ್ಗೆ ಬಂದು ನೋಡಿದರೆ ಚೀಲ ಕರಗಿ ಅಂಟಿಕೊಂಡಿದೆ, ಸುತ್ತಿದ ತಂತಿ ಸುಟ್ಟ ವಾಸನೆ ಬರುತ್ತಿದೆ. ಮಳೆಯಿಂದ ಕೆಡದ ಮೋಟಾರು ಹೊದಿಕೆಯಿಂದ ಕೆಟ್ಟಿತು! ರೀವೈಂಡಿಂಗ್ ಆಗಿ ಬರುವವರೆಗೆ ಆ ಬೆಳೆಗೆ ನೀರು ಹಾಯಿಸುವವರು ಯಾರು?

ಹೀಗಾಗಲು ಕಾರಣವೇನು?

ಓಡುವ ಮೋಟಾರು ಬಿಸಿಯಾಗುವುದು ಸಹಜ. ಆ ಬಿಸಿಯನ್ನು ಹೊರಹಾಕಲೆಂದೇ ಅದರ ಹಿಂಬದಿಯಲ್ಲಿ ಫ್ಯಾನು, ಮೈಮೇಲೆ ಏಣುಗಳು ಇರುತ್ತವೆ. ಜಾಲರಿ ಮುಚ್ಚಿಹೋದರೆ ಗಾಳಿ ಒಳಗೆ ಬರುವುದಿಲ್ಲ. ‘ಬಿ’ ದರ್ಜೆಯ ವಿದ್ಯುತ್ ನಿರೋಧಕವಿರುವ ಮೋಟಾರಿನ ಸುತ್ತುಗಳು 130 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಮೀರಬಾರದು. ಮಿತಿಯ ಮೇಲೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ನಿರೋಧಕದ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರರು ಬಳಸುವ ಸ್ಥೂಲ ಲೆಕ್ಕ.

“ನಮ್ಮ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇದೆಯಲ್ಲ, ಅದು ನಿಲ್ಲಿಸುವುದಿಲ್ಲವೇ?” ಎಂದು ನೀವು ಕೇಳಬಹುದು. ರಿಲೇ ಅಳೆಯುವುದು ಮೋಟಾರು ಎಳೆಯುವ ಕರೆಂಟನ್ನು, ಮೋಟಾರಿನ ಮೈಬಿಸಿಯನ್ನಲ್ಲ. ಗಾಳಿ ಕಟ್ಟಿ ಮೋಟಾರು ಬಿಸಿಯಾದಾಗ ಕರೆಂಟು ಅಷ್ಟಾಗಿ ಹೆಚ್ಚುವುದಿಲ್ಲ. ಆದ್ದರಿಂದ ಇಲ್ಲಿ ರಿಲೇಯನ್ನು ನಂಬಿ ಕೂರುವಂತಿಲ್ಲ.

ನಿಂತ ಮೋಟಾರಿಗೂ ಅಪಾಯವಿದೆ

ಮೋಟಾರು ಓಡದಿದ್ದಾಗಲಾದರೂ ಪ್ಲಾಸ್ಟಿಕ್ ಸುತ್ತಬಹುದಲ್ಲ ಎಂದರೆ ಅದೂ ಸರಿಯಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ಮಳೆ ಬಂದು ಹೋದ ಸಂಜೆ ಹೊಲದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅಂಚಿಗೆ ಮಣ್ಣು ಒತ್ತಿ. ಬೆಳಗ್ಗೆ ಎತ್ತಿ ನೋಡಿದರೆ ಒಳಮೈಯಲ್ಲಿ ನೀರಿನ ಹನಿಗಳು ಕಟ್ಟಿರುತ್ತವೆ. ಅದು ಮಳೆಯ ನೀರಲ್ಲ, ನೆಲದ ತೇವ. ಬಾವಿಯ ದಡದಲ್ಲಿ ಬಿಗಿದು ಕಟ್ಟಿದ ಮೋಟಾರು ಪ್ರತಿ ರಾತ್ರಿ ಇಂತಹ ತೇವದಲ್ಲೇ ನೆನೆಯುತ್ತದೆ. ಬೇರಿಂಗು ತುಕ್ಕು ಹಿಡಿಯುತ್ತದೆ, ನಿರೋಧಕ ಶಕ್ತಿ ಕುಗ್ಗುತ್ತದೆ. ಬೆಚ್ಚಗಿನ ಜಾಗವೆಂದು ಇಲಿಗಳು ಸೇರಿ ತಂತಿ ಕಡಿಯುವುದೂ ಉಂಟು.

ಈ ವಿಷಯ ನಿಮಗೆ ಹೊಸದೇನಲ್ಲ. ಈರುಳ್ಳಿಯನ್ನು ಹೇಗೆ ಕೂಡಿಡುತ್ತೀರಿ? ಮೇಲೆ ಸೂರು ಬೇಕು, ಸುತ್ತ ಗಾಳಿ ಆಡಬೇಕು. ಅದೇ ಈರುಳ್ಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಕೊಳೆಯುತ್ತದೆ. ಬಿತ್ತನೆ ಅರಿಶಿನದ ಮಾತೂ ಅಷ್ಟೇ. ಮೋಟಾರಿಗೂ ಈ ನಿಯಮವೇ ಅನ್ವಯಿಸುತ್ತದೆ: ಅದಕ್ಕೆ ಬೇಕಾದುದು ಸೂರು, ಕಂಬಳಿಯಲ್ಲ.

ನಾಮಫಲಕವನ್ನು ಓದಿ

ಮೋಟಾರಿನ ಮೈಮೇಲಿನ ಫಲಕದಲ್ಲಿ ‘ಐಪಿ’ ಎಂಬ ಇಂಗ್ಲಿಷ್ ಅಕ್ಷರಗಳು, ಮುಂದೆ ಎರಡು ಅಂಕಿಗಳು ಇರುತ್ತವೆ. ಮೊದಲ ಅಂಕಿ ಧೂಳು ಮುಂತಾದವುಗಳಿಂದ, ಎರಡನೆಯದು ನೀರಿನಿಂದ ಎಷ್ಟು ರಕ್ಷಣೆಯಿದೆ ಎಂದು ತಿಳಿಸುತ್ತದೆ. 55 ಎಂದಿದ್ದರೆ ಆ ಮೋಟಾರು ಪೂರ್ತಿ ಮುಚ್ಚಿದ ಕವಚದ್ದು. ಮಳೆ ಹನಿಗೆ ಅಷ್ಟು ಬೇಗ ಸೋಲುವುದಿಲ್ಲ. 44 ಇದ್ದರೆ ಸಿಡಿಯುವ ನೀರನ್ನು ತಡೆಯುತ್ತದೆ. 23 ಇದ್ದರೆ ಗಾಳಿಯ ಕಂಡಿಗಳು ತೆರೆದಿರುತ್ತವೆ. ಅಡ್ಡಗಾಳಿಯ ಎರಚಲು ಒಳಹೋಗಬಹುದು. ಇಂತಹ ಮೋಟಾರಿಗೆ ಸೂರು ಅತ್ಯಗತ್ಯ. ತಯಾರಕರು ಕೊಟ್ಟ ಕವಚ ಕೆಲಸ ಮಾಡಬೇಕಾದರೆ ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ, ರಬ್ಬರು, ತಿರುಪುಗಳು ಸರಿಯಾಗಿರಬೇಕು. ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ಬಿಟ್ಟು ಮೋಟಾರಿಗೆ ಚೀಲ ಹೊದಿಸಿ ಪ್ರಯೋಜನವಿಲ್ಲ.

ಸೂರು ಹೇಗಿರಬೇಕು?

ಮೋಟಾರನ್ನು ನೆಲದಿಂದ ಸುಮಾರು ಒಂದು ಅಡಿ ಎತ್ತರದ ಕಟ್ಟೆಯ ಮೇಲೆ ಕೂರಿಸಿ. ಮೇಲೆ ತಗಡಿನ ಮಾಡು ಹಾಕಿ, ಅಂಚುಗಳು ಎರಡು ಅಡಿ ಮುಂದೆ ಚಾಚಿರಲಿ. ಎರಚಲು ಬರುವ ದಿಕ್ಕಿಗೆ ಅರೆಗೋಡೆ ಸಾಕು. ಉಳಿದ ಕಡೆ ತೆರೆದಿರಲಿ. ಫ್ಯಾನಿನ ಹಿಂದೆ ಒಂದು ಅಡಿಯಾದರೂ ಜಾಗ ಬಿಡಿ. ಆಷಾಢದ ಗಾಳಿಗೆ ಹಾರದಂತೆ ಮಾಡನ್ನು ಭದ್ರಪಡಿಸಿ.

ಡೀಸೆಲ್ ಎಂಜಿನ್ ಬಳಸುವವರು ಸೈಲೆನ್ಸರ್ ಕಾಯ್ದಿರುವಾಗ ಯಾವ ಹೊದಿಕೆಯನ್ನೂ ಹಾಕಬಾರದು, ಬೆಂಕಿಯ ಭಯವಿದೆ. ಅದರ ಹತ್ತಿರ ತೆಂಗಿನ ಗರಿಯ ಮಾಡೂ ಬೇಡ. ಎಂಜಿನ್ ಆರಿದ ಮೇಲೆ ಹೊಗೆ ಕೊಳವೆಯ ಬಾಯಿಗೆ ಒಂದು ಡಬ್ಬಿ ಬೋರಲು ಹಾಕಿದರೆ ಮಳೆ ನೀರು ಸಿಲಿಂಡರಿಗೆ ಇಳಿಯುವುದು ತಪ್ಪುತ್ತದೆ. ಚಾಲು ಮಾಡುವ ಮುನ್ನ ಅದನ್ನು ಮರೆಯದೆ ತೆಗೆಯಿರಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಡೀಸೆಲ್ ಟ್ಯಾಂಕನ್ನು ತುಂಬಿಸಿಡಿ. ಖಾಲಿ ಜಾಗವಿದ್ದಷ್ಟೂ ಅದರಲ್ಲಿ ತೇವ ಕಟ್ಟಿ ಎಣ್ಣೆಗೆ ಸೇರುತ್ತದೆ.

ಸಬ್‌ಮರ್ಸಿಬಲ್ ಮೋಟಾರು ನೀರಿನೊಳಗೇ ಇದ್ದು, ನೀರಿನಿಂದಲೇ ತಂಪಾಗುತ್ತದೆ. ಅಲ್ಲಿ ರಕ್ಷಣೆ ಬೇಕಾದುದು ಸ್ಟಾರ್ಟರ್ ಪೆಟ್ಟಿಗೆಗೆ. ಇನ್ನೊಂದು ಮಾತು. ನೀರು ಬತ್ತಿ ಕೈಬಿಟ್ಟ ಕೊಳವೆ ಬಾವಿಯ ಬಾಯಿಗೆ ಮಾತ್ರ ಚೀಲ, ಕಲ್ಲು ಸಾಲದು. ತಿರುಪು ಅಥವಾ ಬೆಸುಗೆಯ ಭದ್ರವಾದ ಮುಚ್ಚಳವೇ ಬೇಕು. ಅದು ಮಕ್ಕಳ ಪ್ರಾಣದ ಪ್ರಶ್ನೆ.

ನೆನಪಿಡಬೇಕಾದ ಅಂಶಗಳು

1. ಆಟೋ ಜೋಡಿಸಿದ ಮೋಟಾರಿಗೆ ಯಾವ ಕಾರಣಕ್ಕೂ ಚೀಲ, ಪ್ಲಾಸ್ಟಿಕ್ ಸುತ್ತಬೇಡಿ.

2. ಸೂರು ಕಟ್ಟುವವರೆಗೆ ತಾತ್ಕಾಲಿಕವಾಗಿ ಮುಚ್ಚಲೇಬೇಕಾದರೆ ಮೊದಲು ಮೇನ್ ಸ್ವಿಚ್ ಆರಿಸಿ, ಫ್ಯೂಸ್ ತೆಗೆದು ಜೇಬಿನಲ್ಲಿಡಿ. ಮುಚ್ಚಿಗೆ ತೆಗೆದ ಮೇಲೆಯೇ ಫ್ಯೂಸ್ ಹಾಕಿ.

3. ಮುಚ್ಚಿಗೆ ಮೇಲ್ಭಾಗಕ್ಕೆ ಮಾತ್ರ ಇರಲಿ, ಬುಡ ತೆರೆದಿರಲಿ. ಮಳೆ ನಿಂತೊಡನೆ ತೆಗೆಯಿರಿ.

4. ನೆನೆದ ಮೋಟಾರನ್ನು ಒಡನೆ ಚಾಲು ಮಾಡಬೇಡಿ. ಎಲೆಕ್ಟ್ರಿಷಿಯನ್‌ನಿಂದ 500 ವೋಲ್ಟಿನ ಮೆಗ್ಗರ್ ಪರೀಕ್ಷೆ ಮಾಡಿಸಿ. ನಿರೋಧಕತೆ 1 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಒಣಗಿಸಿದ ನಂತರವೇ ಓಡಿಸಬೇಕು.

5. ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟಬೇಡಿ. ಅರ್ಥಿಂಗ್ ಸರಿಯಿದೆಯೇ ಎಂದು ಮಳೆಗಾಲಕ್ಕೆ ಮುನ್ನ ನೋಡಿಸಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಿಮಗೆ ಗೊತ್ತು. ಮೋಡ ಕವಿದ ಮೇಲೆ ಚೀಲ ಹುಡುಕುವುದೂ ಹಾಗೆಯೇ. ಬೇಸಿಗೆಯಲ್ಲೇ ನಾಲ್ಕು ಕಂಬ, ಎರಡು ತಗಡು ಹೊಂದಿಸಿಕೊಳ್ಳಿ. ಹೆಚ್ಚಿನ ಸಲಹೆಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಈ ದಿನ ಇಲ್ಲಿಂದ ಊರಿಗೆ ಹೋದ ಕೂಡಲೇ, ಕತ್ತಲಾಗುವ ಮುನ್ನ, ನಿಮ್ಮ ಮೋಟಾರಿಗೆ ಕಟ್ಟಿರುವ ಚೀಲವನ್ನು ಬಿಚ್ಚಿಬಿಡಿ. ರಾತ್ರಿ ಕರೆಂಟು ಯಾವ ಹೊತ್ತಿಗೆ ಬರುವುದೋ ಯಾರು ಬಲ್ಲರು?