ಒಂದು ಕಂಪನಿಯ ಶೇರು, ಒಂದು ದೇಶದ ಫಂಡು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಬಿಲ್ಲು ಜಮಾ ಆದ ಕೂಡಲೆ ನಮ್ಮ ಹುಡುಗರು ಈಗ ಮೊಬೈಲಿನಾಗ ಶೇರು ತಗೊಳ್ಳಾಕ ಹತ್ಯಾರ. ಬ್ಯಾಡ ಅನ್ನೂದಿಲ್ಲ. ಆದರೆ ತಗೊಳ್ಳೂದು ಏನು ಎಂಬುದು ಗೊತ್ತಿರಬೇಕು.

ಸಂಘದ ಶೇರು ಬೇರೆ, ಪೇಟೆಯ ಶೇರು ಬೇರೆ. ನಮ್ಮ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿದ್ದು. ಅಂಥ ಸಂಘದ ಶೇರು ಮುಖಬೆಲೆಯಲ್ಲೇ ಇರುತ್ತದೆ, ದಿನಾ ಏರಿಳಿಯುವುದಿಲ್ಲ. ಪೇಟೆಯಲ್ಲಿರುವ ವಿದ್ಯುತ್ ಕಂಪನಿಯ ಕಥೆ ಹಾಗಲ್ಲ.

2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಜನರಿಂದ 11,000 ಕೋಟಿಗೂ ಹೆಚ್ಚು ರೂಪಾಯಿ ಎತ್ತಿತು. ಕರೆಂಟು ಬ್ಯಾಡ ಅನ್ನವರು ಯಾರದಾರ್ರಿ, ಅನ್ನೂದೇ ಎಲ್ಲಾರ ಧೈರ್ಯ. ಆದರೆ ಕಂಪನಿಯ ಒಂದು ಸ್ಥಾವರವೂ ಆಗಿನ್ನೂ ನಡೆದಿರಲಿಲ್ಲ. ಸಣ್ಣ ಹೂಡಿಕೆದಾರರಿಗೆ ಶೇರಿಗೆ 430 ರೂಪಾಯಿ. ಫೆಬ್ರವರಿ 11ರಂದು ಪೇಟೆಗೆ ಬಂದ ಮೊದಲ ದಿನವೇ 372ರ ಆಸುಪಾಸಿಗೆ ಇಳಿಯಿತು. ಆಮೇಲೆ ಐದಕ್ಕೆ ಮೂರರಂತೆ ಬೋನಸ್ ಕೊಟ್ಟರು. ಲೆಕ್ಕ ಹಾಕ್ರಿ: 15 ಶೇರಿಗೆ 6,450 ರೂಪಾಯಿ. ಬೋನಸ್ ಸೇರಿ 24 ಶೇರು. 2020ರ ಮಾರ್ಚ್‌ನಲ್ಲಿ ಬೆಲೆ ಎರಡು ರೂಪಾಯಿಗೂ ಕೆಳಗೆ. ಎಲ್ಲಾ ಕೂಡಿ 48 ರೂಪಾಯಿನೂ ಆಗಲಿಲ್ಲ! 2024ರಲ್ಲಿ 50ರ ಹತ್ತಿರ ಏರಿತು ಖರೆ, ಅಸಲು ಮಾತ್ರ ಬರಲಿಲ್ಲ. ಕರೆಂಟಿನ ಬೇಡಿಕೆ ಈ ಹೊತ್ತಿಗೆ ಎಷ್ಟು ಹೆಚ್ಚಾಗೈತಿ ನೋಡ್ರಿ. ಬೇಡಿಕೆ ಬೇರೆ, ಕಂಪನಿ ಬೇರೆ.

ಈಗ ಫಂಡಿಗೆ ಬರೋಣ. ನಿಫ್ಟಿ ಫಂಡಿನಲ್ಲಿ ಹಾಕಿದ ರೊಕ್ಕ ನಮ್ಮ ದೇಶದ 50 ದೊಡ್ಡ ಕಂಪನಿಗಳಿಗೆ ಹಂಚಿಹೋಗುತ್ತದೆ. 2009ರಲ್ಲಿ ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಬಯಲಾದಾಗ ಅದನ್ನು ಪಟ್ಟಿಯಿಂದ ತೆಗೆದು ಬೇರೊಂದನ್ನು ಸೇರಿಸಿದರು, ಫಂಡು ಉಳಿಯಿತು. ನಿಫ್ಟಿ 2008ರ ಜನವರಿ ಮೊದಲಿಗೆ ಸುಮಾರು 6,000. 2020ರ ಮಾರ್ಚ್‌ನ ಕುಸಿತದಲ್ಲೂ 7,500ರ ಮೇಲೆ. 2024ರ ಸೆಪ್ಟೆಂಬರಿನಲ್ಲಿ 26,000 ದಾಟಿತು.

ಹಂಗಂತ ಇದನ್ನ ಠೇವಣಿ ಅಂತ ತಿಳೀಬ್ಯಾಡ್ರಿ. ಒಬ್ಬನ ಹೊಲಕ್ಕೆ ರೋಗ ಬಂದರೆ ಊರು ಉಳಿಯುತ್ತದೆ. ಮಳಿ ಹೋದರೆ ಊರೆಲ್ಲಾ ಒಣಗತೈತಿ. ಒಂದೇ ದೇಶದ ಫಂಡಿನ ಅಪಾಯ ಇದೇ. 2008ರಲ್ಲಿ ಅದೇ ನಿಫ್ಟಿ ಹತ್ತೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ ಅಂದರೆ ಒಬ್ಬ ಮನುಷ್ಯಾನ ದುಡಿಮೆಯ ಆಯುಷ್ಯ!

ಆದ್ದರಿಂದ ಎರಡು ವರ್ಷದಾಗ ಮಗಳ ಮದುವಿ, ಮುಂದಿನ ವರ್ಷ ಬೋರು ಅನ್ನವರು ಆ ರೊಕ್ಕ ಎರಡರಾಗೂ ಹಾಕಬ್ಯಾಡ್ರಿ. ಹತ್ತು-ಹದಿನೈದು ವರ್ಷ ಮುಟ್ಟದ ರೊಕ್ಕ ಇದ್ದವರು ಫಂಡಿಗೆ ತಿಂಗಳಾ ಇಷ್ಟಿಷ್ಟು ಹಾಕಬಹುದು. ಹಾಕುವ ಮೊದಲು ವರ್ಷಕ್ಕೆ ಖರ್ಚೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಕೇಳ್ರಿ. ಒಂದೇ ಕಂಪನಿಯ ಶೇರಿಗೆ ಬೆಳಿಸಾಲದ ರೊಕ್ಕವಂತೂ ಬ್ಯಾಡೇ ಬ್ಯಾಡ.